ಕ್ಷ-ಕಿರಣ ಚಿತ್ರದ ಗುಣಮಟ್ಟ ಮತ್ತು ವಿಕಿರಣದ ಪ್ರಮಾಣ: ನಾಗರಿಕರ ಮಾಹಿತಿಗಾಗಿ ಒಂದು ವಿಶ್ಲೇಷಣೆ

1. ಪೀಠಿಕೆ

ದೇಹದ ಒಳಭಾಗವನ್ನು ಚಿತ್ರರೂಪದಲ್ಲಿ ತೋರಿಸುವ ವಿಧಾನಗಳ ಪೈಕಿ ಕ್ಷ-ಕಿರಣವು ಮೊದಲನೆಯದು. ಅದು ಇಂದಿಗೂ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿದೆ. ಬಿಡದ ಕೆಮ್ಮು, ಮೂಳೆ ಮುರಿತ, ಶಸ್ತ್ರಚಿಕಿತ್ಸೆಗೆ ಮುನ್ನ ನಡೆಯುವ ತಪಾಸಣೆ, ಉದ್ಯೋಗಕ್ಕೆ ಸೇರುವ ಮೊದಲಿನ ವೈದ್ಯಕೀಯ ಪರೀಕ್ಷೆ ಮುಂತಾದ ಕಾರಣಗಳಿಗಾಗಿ ನಾಗರಿಕರು ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಹಾಗೂ ಖಾಸಗಿ ಕೇಂದ್ರಗಳಲ್ಲಿ ಈ ಸೇವೆಯನ್ನು ಪಡೆಯುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಈ ಸೇವೆಯಲ್ಲಿ ಎರಡು ಮುಖ್ಯ ಬದಲಾವಣೆಗಳು ಉಂಟಾಗಿವೆ. ಮೊದಲನೆಯದಾಗಿ, ಕತ್ತಲೆ ಕೋಣೆಯಲ್ಲಿ ರಾಸಾಯನಿಕ ದ್ರಾವಣಗಳಿಂದ ತೊಳೆದು ಸಿದ್ಧಪಡಿಸುತ್ತಿದ್ದ ಫಿಲ್ಮಿನ ಸ್ಥಾನಕ್ಕೆ ಡಿಜಿಟಲ್ ವ್ಯವಸ್ಥೆ ಬಂದಿದೆ. ಎರಡನೆಯದಾಗಿ, ಕ್ಷಯರೋಗ ಪತ್ತೆಗಾಗಿ ಕೈಯಲ್ಲಿ ಹಿಡಿಯಬಹುದಾದ ಕ್ಷ-ಕಿರಣ ಯಂತ್ರಗಳು ಗ್ರಾಮಗಳ ಶಿಬಿರಗಳಿಗೇ ತಲುಪುತ್ತಿವೆ. ಈ ಎರಡೂ ಬದಲಾವಣೆಗಳಿಂದ ನಾಗರಿಕರಿಗೆ ಅನುಕೂಲವಾಗಿದೆ. ಆದರೆ ಇವುಗಳೊಂದಿಗೆ ಒಂದು ಹೊಸ ಪ್ರಶ್ನೆಯೂ ಉದ್ಭವಿಸಿದೆ: ಚಿತ್ರವು ಸ್ಪಷ್ಟವಾಗಿ ಮೂಡಿದೆ ಎಂದ ಮಾತ್ರಕ್ಕೆ ರೋಗಿಗೆ ತಗುಲಿದ ವಿಕಿರಣದ ಪ್ರಮಾಣವು ಸರಿಯಾಗಿತ್ತೆಂದು ಹೇಳಬಹುದೇ? ಹಾಗೆ ಹೇಳಲಾಗದು ಎಂಬುದೇ ಇದಕ್ಕೆ ಉತ್ತರ. ಇದರ ಕಾರಣಗಳನ್ನೂ, ಈ ವಿಷಯದಲ್ಲಿ ನಾಗರಿಕರ ಪಾತ್ರವನ್ನೂ ಈ ಕೆಳಗೆ ವಿವರಿಸಲಾಗಿದೆ.

2. ಚಿತ್ರವು ಮೂಡುವ ಬಗೆ

ಜರ್ಮನಿಯ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲ್ಹೆಲ್ಮ್ ರಾಂಟ್ಜನ್ ಅವರು 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡುಹಿಡಿದರು. ಈ ಸಾಧನೆಗಾಗಿ 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿಯನ್ನು ಅವರಿಗೆ ನೀಡಲಾಯಿತು.

ಕ್ಷ-ಕಿರಣದ ಕೊಳವೆಯೊಳಗೆ ಎಲೆಕ್ಟ್ರಾನುಗಳು ಅತಿ ವೇಗದಿಂದ ಟಂಗ್‌ಸ್ಟನ್ ಲೋಹದ ಫಲಕಕ್ಕೆ ಅಪ್ಪಳಿಸುತ್ತವೆ. ಆ ಶಕ್ತಿಯ ಸುಮಾರು 99 ಭಾಗ ಶಾಖವಾಗಿ ವ್ಯಯವಾಗುತ್ತದೆ. ಸುಮಾರು 1 ಭಾಗ ಮಾತ್ರ ಕ್ಷ-ಕಿರಣವಾಗುತ್ತದೆ. ಈ ಕಿರಣವು ದೇಹವನ್ನು ಹಾಯುವಾಗ ಮೂಳೆಯು ಹೆಚ್ಚು ಕಿರಣವನ್ನು ಹೀರಿಕೊಳ್ಳುತ್ತದೆ, ಮಾಂಸವು ಅದಕ್ಕಿಂತ ಕಡಿಮೆ ಹೀರಿಕೊಳ್ಳುತ್ತದೆ, ಗಾಳಿ ತುಂಬಿದ ಶ್ವಾಸಕೋಶವು ಅತಿ ಕಡಿಮೆ ಹೀರಿಕೊಳ್ಳುತ್ತದೆ. ದೇಹದ ಆಚೆ ಬದಿಗೆ ತಲುಪಿದ ಕಿರಣಗಳ ಈ ಹೆಚ್ಚು-ಕಡಿಮೆಯೇ ಚಿತ್ರದ ಕಪ್ಪು-ಬಿಳುಪಾಗಿ ಕಾಣುತ್ತದೆ. ಮೂಳೆ ಬಿಳಿಯಾಗಿಯೂ, ಶ್ವಾಸಕೋಶ ಕಪ್ಪಾಗಿಯೂ ಕಾಣಲು ಇದೇ ಕಾರಣ.

ದೇಹದಲ್ಲಿ ಉಳಿದುಹೋಗುವ ಕಿರಣವೇ ರೋಗಿಗೆ ತಗುಲುವ ವಿಕಿರಣದ ಪ್ರಮಾಣ. ಕಿರಣವು ದೇಹದಲ್ಲಿ ಸ್ವಲ್ಪವೂ ಉಳಿಯದಿದ್ದರೆ ಚಿತ್ರವೇ ಮೂಡುವುದಿಲ್ಲ. ಆದ್ದರಿಂದ ವಿಕಿರಣವನ್ನು ಸಂಪೂರ್ಣವಾಗಿ ತಪ್ಪಿಸಲು ಸಾಧ್ಯವಿಲ್ಲ. ರೋಗವನ್ನು ಗುರುತಿಸಲು ಸಾಕಾಗುವಷ್ಟನ್ನು ಮಾತ್ರ ಬಳಸಬೇಕು ಎಂಬುದೇ ಮೂಲ ತತ್ತ್ವವಾಗಿದೆ.

3. ಎಕ್ಸ್‌ಪೋಷರ್ ಅಂಶಗಳು

ತಂತ್ರಜ್ಞರು ಗುಂಡಿ ಒತ್ತುವ ಮೊದಲು ಕೆಲವು ಸಂಖ್ಯೆಗಳನ್ನು ನಿಗದಿಪಡಿಸುತ್ತಾರೆ. ಇವುಗಳನ್ನು ಎಕ್ಸ್‌ಪೋಷರ್ ಅಂಶಗಳೆಂದು ಕರೆಯಲಾಗುತ್ತದೆ. ಚಿತ್ರದ ಗುಣಮಟ್ಟ ಮತ್ತು ರೋಗಿಗೆ ತಗುಲುವ ವಿಕಿರಣ ಇವೆರಡೂ ಇವುಗಳನ್ನೇ ಅವಲಂಬಿಸಿವೆ.

ಅ) ಕಿಲೋವೋಲ್ಟ್: ಇದು ಕಿರಣದ ತೂರಿಹೋಗುವ ಶಕ್ತಿಯನ್ನು ನಿರ್ಧರಿಸುತ್ತದೆ. ತೆಳುವಾದ ಕೈಯ ಚಿತ್ರಕ್ಕೆ ಸಾಮಾನ್ಯವಾಗಿ 50ರಿಂದ 55 ಕಿಲೋವೋಲ್ಟ್ ಸಾಕಾಗುತ್ತದೆ. ನಿಂತ ಭಂಗಿಯಲ್ಲಿ ಗ್ರಿಡ್ ಬಳಸಿ ತೆಗೆಯುವ ವಯಸ್ಕರ ಎದೆಯ ಚಿತ್ರಕ್ಕೆ 110ರಿಂದ 125 ಕಿಲೋವೋಲ್ಟ್ ಬಳಸುವುದು ರೂಢಿ. ಕಿಲೋವೋಲ್ಟ್ ಕಡಿಮೆಯಾದರೆ ಕಿರಣವು ದೇಹದಲ್ಲೇ ಉಳಿದುಬಿಡುತ್ತದೆ. ತೀರ ಹೆಚ್ಚಾದರೆ ಕಪ್ಪು-ಬಿಳುಪಿನ ಅಂತರ ಕುಗ್ಗಿ ಚಿತ್ರವು ಬೂದುಬಣ್ಣಕ್ಕೆ ತಿರುಗುತ್ತದೆ.

ಆ) ಮಿಲಿ ಆಂಪಿಯರ್ ಮತ್ತು ಕಾಲಾವಧಿ: ಇವೆರಡರ ಗುಣಲಬ್ಧವು ಕಿರಣದ ಒಟ್ಟು ಮೊತ್ತವನ್ನು ಸೂಚಿಸುತ್ತದೆ. 200 ಮಿಲಿ ಆಂಪಿಯರ್ ವಿದ್ಯುತ್ತನ್ನು 0.1 ಸೆಕೆಂಡು ಹರಿಸಿದರೂ, 400 ಮಿಲಿ ಆಂಪಿಯರ್ ವಿದ್ಯುತ್ತನ್ನು 0.05 ಸೆಕೆಂಡು ಹರಿಸಿದರೂ ದೊರೆಯುವುದು 20 ಮಿಲಿ ಆಂಪಿಯರ್-ಸೆಕೆಂಡು. ಮೊತ್ತ ಒಂದೇ ಆದರೂ ಎರಡನೆಯ ವಿಧಾನದಲ್ಲಿ ಕಾಲಾವಧಿ ಅರ್ಧದಷ್ಟಾಗುವುದರಿಂದ ರೋಗಿ ಅಲುಗಾಡಿ ಚಿತ್ರ ಕದಡುವ ಸಂಭವ ಕಡಿಮೆ. ಈ ಮೊತ್ತವನ್ನು ಎರಡು ಪಟ್ಟು ಹೆಚ್ಚಿಸಿದರೆ ರೋಗಿಗೆ ತಗುಲುವ ವಿಕಿರಣವೂ ಎರಡು ಪಟ್ಟಾಗುತ್ತದೆ.

ಇ) ದೂರ: ಕಿರಣದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಎದೆಯ ಚಿತ್ರವನ್ನು ಸಾಮಾನ್ಯವಾಗಿ 180 ಸೆಂಟಿಮೀಟರ್ ದೂರದಿಂದ ತೆಗೆಯಲಾಗುತ್ತದೆ. ಹಾಸಿಗೆಯಲ್ಲಿರುವ ರೋಗಿಗೆ ಮುಂಭಾಗದಿಂದ, ಹತ್ತಿರದಿಂದ ತೆಗೆದ ಚಿತ್ರದಲ್ಲಿ ಹೃದಯವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಂತಹ ಚಿತ್ರವನ್ನು ನೋಡಿ ಹೃದಯ ಹಿಗ್ಗಿದೆ ಎಂದು ಮನೆಯವರು ಆತಂಕಪಡಬೇಕಾಗಿಲ್ಲ. ಇದನ್ನು ವೈದ್ಯರು ನಿರ್ಣಯಿಸತಕ್ಕದ್ದು.

ಈ) ಕಿರಣದ ವ್ಯಾಪ್ತಿ ಮತ್ತು ಗ್ರಿಡ್: ದೇಹದೊಳಗೆ ಚದುರಿದ ಕಿರಣಗಳು ಚಿತ್ರದ ಮೇಲೆ ಮಂಜು ಕವಿದಂತೆ ಮಾಡುತ್ತವೆ. ಕಿರಣವನ್ನು ಬೇಕಾದ ಅಂಗಕ್ಕೆ ಮಾತ್ರ ಸೀಮಿತಗೊಳಿಸಿದರೆ ಚದುರುವಿಕೆಯೂ ವಿಕಿರಣವೂ ಒಟ್ಟಿಗೆ ಕಡಿಮೆಯಾಗುತ್ತವೆ. ದಪ್ಪನಾದ ಭಾಗಗಳಿಗೆ ಸೀಸದ ತೆಳು ಪಟ್ಟಿಗಳಿರುವ ಗ್ರಿಡ್ ಎಂಬ ಸಾಧನವನ್ನು ಬಳಸಲಾಗುತ್ತದೆ. ಗ್ರಿಡ್ ಬಳಸಿದಾಗ ಚಿತ್ರ ತಿಳಿಯಾಗುತ್ತದೆಯಾದರೂ ಹೆಚ್ಚು ವಿಕಿರಣ ಬೇಕಾಗುತ್ತದೆ.

ಈ ಅಂಶಗಳು ಒಂದಕ್ಕೊಂದು ಸಂಬಂಧ ಹೊಂದಿವೆ. ಕಿಲೋವೋಲ್ಟನ್ನು ಶೇ. 15ರಷ್ಟು ಹೆಚ್ಚಿಸಿದರೆ ಮಿಲಿ ಆಂಪಿಯರ್-ಸೆಕೆಂಡನ್ನು ಅರ್ಧಕ್ಕೆ ಇಳಿಸಬಹುದು ಎಂಬುದು ತಂತ್ರಜ್ಞರು ಅನುಸರಿಸುವ ಒಂದು ಸ್ಥೂಲ ಸೂತ್ರ. ಉದಾಹರಣೆಗೆ, 80 ಕಿಲೋವೋಲ್ಟ್ ಮತ್ತು 20 ಮಿಲಿ ಆಂಪಿಯರ್-ಸೆಕೆಂಡಿನ ಬದಲು 92 ಕಿಲೋವೋಲ್ಟ್ ಮತ್ತು 10 ಮಿಲಿ ಆಂಪಿಯರ್-ಸೆಕೆಂಡನ್ನು ಬಳಸಿದಲ್ಲಿ ಚರ್ಮದ ಮೇಲೆ ಬೀಳುವ ವಿಕಿರಣವು ಅಂದಾಜು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಕಪ್ಪು-ಬಿಳುಪಿನ ಅಂತರವು ಮಾತ್ರ ತುಸು ಕುಗ್ಗುತ್ತದೆ. ಹೀಗೆ ಪ್ರತಿಯೊಂದು ಚಿತ್ರವೂ ಗುಣಮಟ್ಟ ಮತ್ತು ವಿಕಿರಣದ ನಡುವೆ ತಂತ್ರಜ್ಞರು ಮಾಡುವ ಒಂದು ತೂಕದ ನಿರ್ಧಾರವಾಗಿರುತ್ತದೆ.

4. ಫಿಲ್ಮಿನಿಂದ ಡಿಜಿಟಲ್ ವ್ಯವಸ್ಥೆಗೆ

ಫಿಲ್ಮ್ ಬಳಕೆಯಲ್ಲಿದ್ದ ಕಾಲದಲ್ಲಿ ಈ ನಿರ್ಧಾರದ ತಪ್ಪು-ಸರಿಗಳು ಎಲ್ಲರ ಕಣ್ಣಿಗೆ ಕಾಣುತ್ತಿದ್ದವು. ವಿಕಿರಣ ಹೆಚ್ಚಾದರೆ ಫಿಲ್ಮ್ ಕಪ್ಪಾಗುತ್ತಿತ್ತು, ಕಡಿಮೆಯಾದರೆ ಬಿಳಿಚಿಕೊಳ್ಳುತ್ತಿತ್ತು. ತಂತ್ರಜ್ಞರಿಗೂ, ವೈದ್ಯರಿಗೂ, ಅದನ್ನು ಬೆಳಕಿಗೆ ಹಿಡಿದು ನೋಡುವ ರೋಗಿಗೂ ಸಹ ಇದು ತಿಳಿಯುತ್ತಿತ್ತು. ಅಂದರೆ ಫಿಲ್ಮೇ ವಿಕಿರಣದ ಪ್ರಮಾಣಕ್ಕೆ ಸಾಕ್ಷಿಯಾಗಿತ್ತು. ಆದರೆ ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ದೋಷವೂ ಇತ್ತು. ಸರಿಯಾದ ಪ್ರಮಾಣದ ವ್ಯಾಪ್ತಿ ಬಹಳ ಕಿರಿದಾಗಿದ್ದುದರಿಂದ ಅಲ್ಪ ವ್ಯತ್ಯಾಸವಾದರೂ ಮತ್ತೊಮ್ಮೆ ಚಿತ್ರ ತೆಗೆಯಬೇಕಾಗುತ್ತಿತ್ತು. ರೋಗಿಗೆ ಮತ್ತೊಮ್ಮೆ ವಿಕಿರಣ ತಗುಲುತ್ತಿತ್ತು.

1980ರ ದಶಕದಲ್ಲಿ ಕಂಪ್ಯೂಟೆಡ್ ರೇಡಿಯಾಗ್ರಫಿಯೂ, ಅದರ ನಂತರ ನೇರ ಡಿಜಿಟಲ್ ಫಲಕಗಳೂ ಬಳಕೆಗೆ ಬಂದವು. ಇವುಗಳಲ್ಲಿ ಗಣಕಯಂತ್ರವು ದೊರೆತ ಸಂಕೇತಗಳನ್ನು ಹೊಂದಿಸಿ ಚಿತ್ರದ ಬೆಳಕನ್ನು ತಾನಾಗಿಯೇ ಸರಿಪಡಿಸುತ್ತದೆ. ವಿಕಿರಣ ತುಸು ಕಡಿಮೆಯಿದ್ದರೂ, ಅಗತ್ಯಕ್ಕಿಂತ ಹಲವು ಪಟ್ಟು ಹೆಚ್ಚಿದ್ದರೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ಬಗೆಯ ಬೆಳಕಿನ ಚಿತ್ರ ಕಾಣುತ್ತದೆ. ಇದರಿಂದ ಬೆಳಕಿನ ದೋಷಕ್ಕಾಗಿ ಮರುಚಿತ್ರ ತೆಗೆಯುವ ಪ್ರಮೇಯ ಕಡಿಮೆಯಾಗಿದೆ. ಇದು ಡಿಜಿಟಲ್ ವ್ಯವಸ್ಥೆಯ ನಿಜವಾದ ಲಾಭ.

ಆದರೆ ಇದರ ಇನ್ನೊಂದು ಮುಖವನ್ನೂ ಗಮನಿಸಬೇಕಾಗಿದೆ. ಡಿಜಿಟಲ್ ಚಿತ್ರದಲ್ಲಿ ವಿಕಿರಣ ಕಡಿಮೆಯಾದರೆ ಮರಳು ಚೆಲ್ಲಿದಂತೆ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ, ವೈದ್ಯರು ಆಕ್ಷೇಪಿಸುತ್ತಾರೆ. ವಿಕಿರಣ ಹೆಚ್ಚಾದರೆ ಚಿತ್ರವು ಇನ್ನಷ್ಟು ನಯವಾಗಿ ಕಾಣುತ್ತದೆ, ಯಾರೂ ಆಕ್ಷೇಪಿಸುವುದಿಲ್ಲ. ಒಂದು ಕಡೆಯ ತಪ್ಪಿಗೆ ಮಾತ್ರ ದೂರು ಬರುವಲ್ಲಿ, ಯಾರ ದುರುದ್ದೇಶವೂ ಇಲ್ಲದೆ ಪ್ರಮಾಣವು ಇನ್ನೊಂದು ಕಡೆಗೆ ನಿಧಾನವಾಗಿ ವಾಲುತ್ತಾ ಹೋಗುವುದು ಸಹಜ. ಹೀಗೆ ಕಾಲಕ್ರಮೇಣ ಪ್ರಮಾಣವು ತೆವಳಿಕೊಂಡು ಮೇಲೇರುವುದನ್ನು ವಿಕಿರಣ ತಜ್ಞರು ಹಲವು ದೇಶಗಳಲ್ಲಿ ಗುರುತಿಸಿದ್ದಾರೆ.

ಹೆಚ್ಚುವರಿ ವಿಕಿರಣದಿಂದ ದೊರೆಯುವ ಲಾಭವೂ ಅಲ್ಪವೇ. ಚಿತ್ರದಲ್ಲಿನ ಚುಕ್ಕೆಗಳ ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ ವಿಕಿರಣವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕಾಗುತ್ತದೆ. ರೋಗವನ್ನು ಗುರುತಿಸಲು ಸಾಕಾಗುವಷ್ಟು ಸ್ಪಷ್ಟತೆ ದೊರೆತ ನಂತರ ಚಿತ್ರವನ್ನು ಇನ್ನೂ ನಯಗೊಳಿಸುವುದರಿಂದ ರೋಗಿಗೆ ಯಾವ ಪ್ರಯೋಜನವೂ ಇಲ್ಲ.

5. ಫಿಲ್ಮಿನ ಸಾಕ್ಷಿಗೆ ಬದಲಾಗಿ ಒಂದು ಸಂಖ್ಯೆ

ಫಿಲ್ಮಿನ ಕಪ್ಪು ನೀಡುತ್ತಿದ್ದ ಎಚ್ಚರಿಕೆಯನ್ನು ಡಿಜಿಟಲ್ ವ್ಯವಸ್ಥೆಯಲ್ಲಿ ಒಂದು ಸಂಖ್ಯೆಯು ನೀಡಬೇಕಾಗಿದೆ. ಅದನ್ನು ಎಕ್ಸ್‌ಪೋಷರ್ ಸೂಚ್ಯಂಕ ಎಂದು ಕರೆಯಲಾಗುತ್ತದೆ. ಆರಂಭದಲ್ಲಿ ಪ್ರತಿಯೊಂದು ಕಂಪನಿಯೂ ತನ್ನದೇ ಆದ ಸೂಚ್ಯಂಕವನ್ನು ಬಳಸುತ್ತಿತ್ತು. ಒಂದು ಯಂತ್ರದಲ್ಲಿ ಸಂಖ್ಯೆ ಹೆಚ್ಚಾದರೆ ವಿಕಿರಣ ಹೆಚ್ಚೆಂದು ಅರ್ಥವಾದರೆ, ಇನ್ನೊಂದರಲ್ಲಿ ಸಂಖ್ಯೆ ಹೆಚ್ಚಾದರೆ ವಿಕಿರಣ ಕಡಿಮೆಯೆಂದು ಅರ್ಥವಾಗುತ್ತಿತ್ತು. ಈ ಗೊಂದಲವನ್ನು ನಿವಾರಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗವು 2008ರಲ್ಲಿ ಏಕರೂಪದ ಮಾನಕವನ್ನು ಪ್ರಕಟಿಸಿತು. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು 2009ರಲ್ಲಿ ಇದೇ ವಿಷಯದ ಬಗ್ಗೆ ವರದಿ ನೀಡಿತು.

ಈ ಮಾನಕದ ಪ್ರಕಾರ, ಆಯಾ ಅಂಗಕ್ಕೆ ನಿಗದಿಪಡಿಸಿದ ಗುರಿಗೂ ವಾಸ್ತವವಾಗಿ ದೊರೆತ ಸೂಚ್ಯಂಕಕ್ಕೂ ಇರುವ ಅಂತರವನ್ನು ವ್ಯತ್ಯಯ ಸೂಚ್ಯಂಕವು ತಿಳಿಸುತ್ತದೆ. ಅದರ ಅರ್ಥ ಈ ಕೆಳಕಂಡಂತಿದೆ:

• ಸೊನ್ನೆ: ಗುರಿಯಷ್ಟೇ ವಿಕಿರಣ ಫಲಕವನ್ನು ತಲುಪಿದೆ.
• ಅಧಿಕ 1: ಗುರಿಗಿಂತ ಸುಮಾರು ಕಾಲು ಭಾಗ ಹೆಚ್ಚು.
• ಅಧಿಕ 3: ಗುರಿಯ ಸುಮಾರು ಎರಡು ಪಟ್ಟು.
• ಋಣ 3: ಗುರಿಯ ಸುಮಾರು ಅರ್ಧ.

ಈ ಸಂಖ್ಯೆಯು ಫಲಕವನ್ನು ತಲುಪಿದ ವಿಕಿರಣವನ್ನು ಸೂಚಿಸುತ್ತದೆಯೇ ಹೊರತು ರೋಗಿಯ ದೇಹಕ್ಕೆ ತಗುಲಿದ ಪ್ರಮಾಣವನ್ನು ನೇರವಾಗಿ ಅಳೆಯುವುದಿಲ್ಲ. ಆದ್ದರಿಂದ ಒಂದು ಚಿತ್ರದ ಸಂಖ್ಯೆಯನ್ನು ಹಿಡಿದು ನಾಗರಿಕರು ತೀರ್ಮಾನಕ್ಕೆ ಬರುವುದು ಸೂಕ್ತವಲ್ಲ. ಆದರೆ ಕೇಂದ್ರವೊಂದು ಈ ಸಂಖ್ಯೆಗಳನ್ನು ತಿಂಗಳಿಂದ ತಿಂಗಳಿಗೆ ದಾಖಲಿಸಿ ಪರಿಶೀಲಿಸುತ್ತಿದ್ದಲ್ಲಿ, ಪ್ರಮಾಣವು ಮೇಲೇರುತ್ತಿರುವುದು ಕೂಡಲೇ ತಿಳಿಯುತ್ತದೆ. ಅಂತೆಯೇ, ತಿರಸ್ಕೃತ ಚಿತ್ರಗಳ ಲೆಕ್ಕವನ್ನೂ ಇಡುವುದು ಅಗತ್ಯ. ಹಿಂದೆ ಹಾಳಾದ ಫಿಲ್ಮುಗಳು ಮೂಲೆಯಲ್ಲಿ ರಾಶಿ ಬಿದ್ದು ಲೆಕ್ಕಕ್ಕೆ ಸಿಗುತ್ತಿದ್ದವು. ಇಂದು ಕೆಟ್ಟ ಚಿತ್ರವನ್ನು ಒಂದು ಗುಂಡಿ ಒತ್ತಿ ಅಳಿಸಿದರೆ, ರೋಗಿಗೆ ಎರಡು ಬಾರಿ ವಿಕಿರಣ ತಗುಲಿದ ಗುರುತೂ ಉಳಿಯದೆ ಹೋಗಬಹುದು.

6. ಅಪಾಯದ ಪ್ರಮಾಣ ಎಷ್ಟು?

ಈ ವಿಷಯದಲ್ಲಿ ಅನಗತ್ಯ ಭಯವೂ ಬೇಡ, ಉದಾಸೀನತೆಯೂ ಬೇಡ. ಭೂಮಿ, ಆಕಾಶ, ಆಹಾರ ಮತ್ತು ಗಾಳಿಯಿಂದ ಪ್ರತಿಯೊಬ್ಬ ವ್ಯಕ್ತಿಗೂ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿ ಸೀವರ್ಟ್‌ನಷ್ಟು ನೈಸರ್ಗಿಕ ವಿಕಿರಣ ತಗುಲುತ್ತದೆ. ಎದೆಯ ಒಂದು ಚಿತ್ರದಿಂದ ತಗುಲುವುದು ಸುಮಾರು 0.02 ಮಿಲಿ ಸೀವರ್ಟ್. ಅಂದರೆ ಸುಮಾರು ಮೂರು ದಿನಗಳ ನೈಸರ್ಗಿಕ ವಿಕಿರಣಕ್ಕೆ ಸಮ. ಸೊಂಟದ ಬೆನ್ನುಮೂಳೆಯ ಪರೀಕ್ಷೆಯಲ್ಲಿ ಇದು ಸುಮಾರು 1ರಿಂದ 1.5 ಮಿಲಿ ಸೀವರ್ಟ್ ಇರುತ್ತದೆ. ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಸುಮಾರು 8 ಮಿಲಿ ಸೀವರ್ಟ್ ತಗುಲುತ್ತದೆ.

ಒಬ್ಬ ವ್ಯಕ್ತಿಗೆ ಒಂದು ಎದೆಯ ಚಿತ್ರದಿಂದ ಆಗಬಹುದಾದ ಅಪಾಯ ಅತ್ಯಲ್ಪ. ರೋಗವಿರುವ ಸಂಶಯವಿದ್ದಾಗ ವಿಕಿರಣದ ಭಯದಿಂದ ಪರೀಕ್ಷೆಯನ್ನೇ ತಪ್ಪಿಸಿಕೊಳ್ಳುವುದು ಅದಕ್ಕಿಂತ ಹೆಚ್ಚು ಹಾನಿಕರ. ಆದರೆ ಲಕ್ಷಾಂತರ ಜನರಿಗೆ ಈ ಪರೀಕ್ಷೆ ನಡೆಯುವಾಗ ಪ್ರತಿಯೊಂದು ಚಿತ್ರಕ್ಕೂ ಅಗತ್ಯಕ್ಕಿಂತ ಎರಡು ಪಟ್ಟು ವಿಕಿರಣ ಬಳಸುವುದನ್ನು ಸಮರ್ಥಿಸಲಾಗದು. ವಿಶೇಷವಾಗಿ ಮಕ್ಕಳು ಹಾಗೂ ಪದೇ ಪದೇ ಪರೀಕ್ಷೆಗೆ ಒಳಗಾಗುವ ರೋಗಿಗಳ ವಿಷಯದಲ್ಲಿ ಇದು ಮುಖ್ಯವಾಗುತ್ತದೆ.

ಇಲ್ಲಿ ಇನ್ನೊಂದು ಅಂಶವನ್ನು ನಾಗರಿಕರು ತಿಳಿದಿರಬೇಕು. ವಿಕಿರಣ ಕ್ಷೇತ್ರದ ನೌಕರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿ ಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿ ಸೀವರ್ಟ್ ಮಿತಿಯನ್ನು ಭಾರತದಲ್ಲಿ ವಿಧಿಸಲಾಗಿದೆ. ಸಾರ್ವಜನಿಕರಿಗೆ ಈ ಮಿತಿ ವರ್ಷಕ್ಕೆ 1 ಮಿಲಿ ಸೀವರ್ಟ್. ಆದರೆ ಚಿಕಿತ್ಸೆಗಾಗಿ ಬಂದ ರೋಗಿಗೆ ಇಂತಹ ಮಿತಿ ಇರುವುದಿಲ್ಲ. ಅಗತ್ಯವಾದ ಪರೀಕ್ಷೆಗೆ ಮಿತಿಯು ಅಡ್ಡಿಯಾಗಬಾರದೆಂಬುದೇ ಇದರ ಉದ್ದೇಶ. ಪರಿಣಾಮವಾಗಿ ರೋಗಿಗಿರುವ ರಕ್ಷಣೆ ಎರಡೇ: ಪರೀಕ್ಷೆಯು ನಿಜಕ್ಕೂ ಅಗತ್ಯವೇ ಎಂದು ವೈದ್ಯರು ಮಾಡುವ ನಿರ್ಣಯ, ಮತ್ತು ಎಕ್ಸ್‌ಪೋಷರ್ ಅಂಶಗಳನ್ನು ಆಯ್ದುಕೊಳ್ಳುವಲ್ಲಿ ತಂತ್ರಜ್ಞರು ವಹಿಸುವ ಎಚ್ಚರ.

7. ಕ್ಷಯರೋಗ ಪತ್ತೆ ಮತ್ತು ಚಿತ್ರದ ಗುಣಮಟ್ಟ

ಭಾರತದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆಯು ಕ್ಷ-ಕಿರಣದ ಮಹತ್ವವನ್ನು ಎತ್ತಿ ತೋರಿಸಿತು. ಎದೆಯ ಚಿತ್ರವನ್ನು ತೆಗೆಯದೆ ಕೇವಲ ರೋಗಲಕ್ಷಣಗಳನ್ನು ಮಾತ್ರ ವಿಚಾರಿಸಿದ್ದಲ್ಲಿ, ಪತ್ತೆಯಾದ ಪ್ರಕರಣಗಳ ಪೈಕಿ ಶೇ. 42.6ರಷ್ಟು ತಪ್ಪಿಹೋಗುತ್ತಿದ್ದವು ಎಂಬುದು ಆ ಸಮೀಕ್ಷೆಯಿಂದ ತಿಳಿದುಬಂದಿತು. ಕೆಮ್ಮಿಲ್ಲ, ಜ್ವರವಿಲ್ಲ ಎಂಬ ಕಾರಣಕ್ಕೆ ರೋಗವಿಲ್ಲ ಎಂದು ಭಾವಿಸಲಾಗದು ಎಂಬುದಕ್ಕೆ ಇದು ನಿದರ್ಶನ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ, 15 ವರ್ಷ ಮತ್ತು ಮೇಲ್ಪಟ್ಟವರ ಎದೆಯ ಚಿತ್ರಗಳನ್ನು ಗಣಕಯಂತ್ರದ ತಂತ್ರಾಂಶದಿಂದ ಪರಿಶೀಲಿಸುವ ವಿಧಾನಕ್ಕೂ ಶಿಫಾರಸು ನೀಡಿತು. 2024ರ ಡಿಸೆಂಬರ್ 7ರಂದು ಹರಿಯಾಣದ ಪಂಚಕುಲದಲ್ಲಿ ಚಾಲನೆಗೊಂಡ 100 ದಿನಗಳ ಅಭಿಯಾನವು ದೇಶದ 347 ಜಿಲ್ಲೆಗಳನ್ನು ಒಳಗೊಂಡಿತ್ತು. ಅದರಲ್ಲಿ ಕೈಯಲ್ಲಿ ಹಿಡಿಯಬಹುದಾದ ಕ್ಷ-ಕಿರಣ ಯಂತ್ರಗಳನ್ನೂ ಬಳಸಲಾಯಿತು.

ಇಂತಹ ಯಂತ್ರಗಳು ಬ್ಯಾಟರಿಯಿಂದ ನಡೆಯುತ್ತವೆ. ಆಸ್ಪತ್ರೆಯ ದೊಡ್ಡ ಯಂತ್ರಕ್ಕೆ ಹೋಲಿಸಿದರೆ ಇವುಗಳಿಂದ ಹೊರಡುವ ಕಿರಣದ ಮೊತ್ತ ಕಡಿಮೆ. ಆದ್ದರಿಂದ ದೂರ, ಭಂಗಿ ಮತ್ತು ಉಸಿರಿನ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕಾಗುತ್ತದೆ. ಕಿರಣವು ಸಾಕಷ್ಟು ತೂರದಿದ್ದಲ್ಲಿ ಆರೋಗ್ಯವಂತ ಶ್ವಾಸಕೋಶವೂ ಬೆಳ್ಳಗೆ ಮಂಕಾಗಿ ಕಾಣಬಹುದು. ಉಸಿರನ್ನು ಪೂರ್ಣವಾಗಿ ಎಳೆದುಕೊಳ್ಳದಿದ್ದರೂ ಇದೇ ಪರಿಣಾಮ ಉಂಟಾಗುತ್ತದೆ. ಚಿತ್ರವೇ ದೋಷಪೂರ್ಣವಾಗಿದ್ದಲ್ಲಿ ಅದನ್ನು ಓದುವುದು ವೈದ್ಯರಾಗಿರಲಿ, ತಂತ್ರಾಂಶವಾಗಿರಲಿ, ತಪ್ಪು ತೀರ್ಮಾನದ ಸಂಭವವಿರುತ್ತದೆ. ಇಲ್ಲದ ರೋಗವನ್ನು ಇದೆಯೆಂದು ಶಂಕಿಸಿದರೆ ಒಂದು ಕುಟುಂಬವು ಆತಂಕಕ್ಕೆ ಒಳಗಾಗುತ್ತದೆ. ಇರುವ ರೋಗ ತಪ್ಪಿಹೋದರೆ ರೋಗಿಯ ಆರೋಗ್ಯ ಕೆಡುವುದಲ್ಲದೆ ಮನೆಮಂದಿಗೂ ಸೋಂಕು ಹರಡುತ್ತದೆ.

ಚಿತ್ರದಲ್ಲಿ ಬೀಳುವ ಅನ್ಯ ನೆರಳುಗಳೂ ತೊಡಕನ್ನು ಉಂಟುಮಾಡುತ್ತವೆ. ಕ್ಷಯರೋಗದ ಗುರುತುಗಳು ಹೆಚ್ಚಾಗಿ ಶ್ವಾಸಕೋಶದ ಮೇಲ್ತುದಿಯಲ್ಲಿ ಕಾಣಿಸಿಕೊಳ್ಳುತ್ತವೆ. ಹೆಣೆದ ಜಡೆಯು ಭುಜದ ಮೇಲೆ ಇಳಿಬಿದ್ದಿದ್ದರೆ ಅದರ ನೆರಳು ಇದೇ ಜಾಗದಲ್ಲಿ ಬೀಳುತ್ತದೆ. ಸರ, ತಾಳಿ, ತಾಯಿತ, ಪಿನ್ನು, ಲೋಹದ ಗುಂಡಿಗಳ ನೆರಳೂ ಹೀಗೆಯೇ ಬೀಳುತ್ತದೆ. ಸರವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರೆ ಸಾಲದು. ಕಿರಣವು ದೇಹವನ್ನು ಪೂರ್ತಿ ಹಾಯುವುದರಿಂದ ಹಿಂದಿರುವ ವಸ್ತುವಿನ ನೆರಳೂ ಚಿತ್ರದಲ್ಲಿ ಮೂಡುತ್ತದೆ.

ಎದೆಯ ಚಿತ್ರದಲ್ಲಿ ಸಂಶಯ ಕಂಡುಬಂದ ಮಾತ್ರಕ್ಕೆ ಕ್ಷಯರೋಗವಿದೆ ಎಂದು ನಿರ್ಧರಿಸಲಾಗುವುದಿಲ್ಲ. ಕಫ ಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಶಿಬಿರದಲ್ಲಿ ಮುಂದಿನ ಪರೀಕ್ಷೆಗೆ ಸೂಚಿಸಲ್ಪಟ್ಟವರು ತಪ್ಪದೆ ಹಾಜರಾಗುವುದು ಅವಶ್ಯ.

8. ಸೀಸದ ಹೊದಿಕೆ: ಬದಲಾದ ನಿಲುವು

ಚಿತ್ರ ತೆಗೆಯುವಾಗ ರೋಗಿಯ ಜನನಾಂಗದ ಭಾಗಕ್ಕೆ ಸೀಸದ ಹೊದಿಕೆ ಹಾಕುವುದು ಹಲವು ದಶಕಗಳ ರೂಢಿಯಾಗಿತ್ತು. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು 2019ರ ಏಪ್ರಿಲ್‌ನಲ್ಲಿ ಈ ರೂಢಿಯನ್ನು ಕೈಬಿಡಬಹುದೆಂದು ನಿಲುವು ಪ್ರಕಟಿಸಿತು. ಆ ದೇಶದ ರಾಷ್ಟ್ರೀಯ ವಿಕಿರಣ ರಕ್ಷಣಾ ಮಂಡಳಿಯು 2021ರ ಜನವರಿಯಲ್ಲಿ, ಹೊಟ್ಟೆ ಮತ್ತು ಸೊಂಟದ ಚಿತ್ರಗಳಿಗೆ ಸಂಬಂಧಿಸಿದಂತೆ ಇದೇ ಅಭಿಪ್ರಾಯವನ್ನು ನೀಡಿತು. ಇದಕ್ಕೆ ಕಾರಣಗಳು ಈ ಕೆಳಕಂಡಂತಿವೆ:

• ಕಿರಣದ ವ್ಯಾಪ್ತಿಯ ಹೊರಗಿರುವ ಅಂಗಕ್ಕೆ ತಗುಲುವ ವಿಕಿರಣವು ಬಹುಪಾಲು ದೇಹದ ಒಳಗಿನಿಂದಲೇ ಚದುರಿ ಬರುತ್ತದೆ. ಅದನ್ನು ಹೊರಗಿನ ಹೊದಿಕೆ ತಡೆಯಲಾರದು.
• ಹೊದಿಕೆಯು ಜಾರಿ ಮುಖ್ಯ ಭಾಗವನ್ನು ಮುಚ್ಚಿದರೆ ಮತ್ತೊಮ್ಮೆ ಚಿತ್ರ ತೆಗೆಯಬೇಕಾಗುತ್ತದೆ.
• ವಿಕಿರಣವನ್ನು ತಾನಾಗಿಯೇ ನಿಲ್ಲಿಸುವ ನಿಯಂತ್ರಕವಿರುವ ಯಂತ್ರಗಳಲ್ಲಿ, ಹೊದಿಕೆಯು ಅದರ ಸಂವೇದಕವನ್ನು ಮುಚ್ಚಿದರೆ ಯಂತ್ರವು ಕಿರಣ ಸಾಲದೆಂದು ಭಾವಿಸಿ ಇನ್ನಷ್ಟು ಕಿರಣವನ್ನು ಹೊರಸೂಸುತ್ತದೆ.

ಆದ್ದರಿಂದ ಸೀಸದ ಹೊದಿಕೆ ಹಾಕಲಿಲ್ಲ ಎಂಬ ಒಂದೇ ಕಾರಣಕ್ಕೆ ಸಿಬ್ಬಂದಿ ನಿರ್ಲಕ್ಷ್ಯ ವಹಿಸಿದ್ದಾರೆಂದು ತಿಳಿಯಬೇಕಿಲ್ಲ. ಆಯಾ ಕೇಂದ್ರದ ಪದ್ಧತಿಯನ್ನು ವಿಚಾರಿಸಿ ತಿಳಿದುಕೊಳ್ಳಬಹುದು. ಆದರೆ ಮಗುವನ್ನು ಅಥವಾ ಅಶಕ್ತ ರೋಗಿಯನ್ನು ಹಿಡಿದು ನಿಲ್ಲುವವರು ಸೀಸದ ಏಪ್ರನ್ ಧರಿಸುವುದು ಕಡ್ಡಾಯವೆಂದೇ ತಿಳಿಯತಕ್ಕದ್ದು.

9. ಗರ್ಭಿಣಿಯರು ಮತ್ತು ಮಕ್ಕಳು

ಗರ್ಭಿಣಿಯರು ಹಾಗೂ ಗರ್ಭ ಧರಿಸಿರುವ ಸಂಭವವಿರುವವರು ಪರೀಕ್ಷೆಗೆ ಮೊದಲೇ ವೈದ್ಯರಿಗೂ ತಂತ್ರಜ್ಞರಿಗೂ ತಿಳಿಸಬೇಕು. ಎದೆಯ ಚಿತ್ರದಿಂದ ಭ್ರೂಣಕ್ಕೆ ತಗುಲುವ ಪ್ರಮಾಣವು 0.01 ಮಿಲಿ ಗ್ರೇಗಿಂತಲೂ ಕಡಿಮೆ. ಭ್ರೂಣಕ್ಕೆ ತಗುಲಿದ ಪ್ರಮಾಣವು 100 ಮಿಲಿ ಗ್ರೇಗಿಂತ ಕಡಿಮೆಯಿದ್ದಲ್ಲಿ ಅದನ್ನೇ ಕಾರಣವಾಗಿಟ್ಟುಕೊಂಡು ಗರ್ಭಪಾತ ಮಾಡಿಸಬಾರದೆಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 2000ದಲ್ಲಿ ಸ್ಪಷ್ಟಪಡಿಸಿದೆ. ತಿಳಿಯದೆ ಚಿತ್ರ ತೆಗೆಸಿಕೊಂಡವರು ಗಾಬರಿಗೊಳಗಾಗದೆ ವೈದ್ಯರ ಸಲಹೆ ಪಡೆಯುವುದು ಸೂಕ್ತ.

ಮಕ್ಕಳ ಬೆಳೆಯುವ ಅಂಗಾಂಶಗಳು ವಿಕಿರಣಕ್ಕೆ ಹೆಚ್ಚು ಸೂಕ್ಷ್ಮವಾಗಿರುತ್ತವೆ. ವಯಸ್ಕರಿಗೆ ನಿಗದಿಪಡಿಸಿದ ಸಂಖ್ಯೆಗಳನ್ನೇ ಮಕ್ಕಳಿಗೂ ಬಳಸುವುದು ಸರಿಯಲ್ಲ. ಕಡಿಮೆ ಕಾಲಾವಧಿ ಮತ್ತು ಕಿರಿದಾದ ವ್ಯಾಪ್ತಿ ಇವು ಮಕ್ಕಳ ಚಿತ್ರಕ್ಕೆ ಅಗತ್ಯ. ದೇಹದ ಭಾಗ ತೆಳುವಾಗಿದ್ದಲ್ಲಿ ಗ್ರಿಡ್ ಕೂಡ ಬೇಕಾಗುವುದಿಲ್ಲ. ಈ ಬಗ್ಗೆ ಜಾಗೃತಿ ಮೂಡಿಸಲು 2008ರಲ್ಲಿ ಅಮೆರಿಕದಲ್ಲಿ ‘ಇಮೇಜ್ ಜೆಂಟ್ಲಿ’ ಎಂಬ ಅಭಿಯಾನವು ಆರಂಭವಾಯಿತು.

10. ಪರವಾನಗಿ ಮತ್ತು ನಿಯಂತ್ರಣ

ಭಾರತದಲ್ಲಿ ಕ್ಷ-ಕಿರಣ ಯಂತ್ರಗಳ ವಿಕಿರಣ ಸುರಕ್ಷತೆಯು 1983ರಲ್ಲಿ ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಬರುತ್ತದೆ. ಯಂತ್ರವನ್ನು ಸ್ಥಾಪಿಸುವ ಆಸ್ಪತ್ರೆ ಅಥವಾ ಕೇಂದ್ರವು ಮಂಡಳಿಯ ‘ಇ-ಲೋರಾ’ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಿ ಪರವಾನಗಿ ಪಡೆಯಬೇಕಾಗುತ್ತದೆ. ಯಂತ್ರಗಳ ಗುಣಮಟ್ಟ ಪರೀಕ್ಷೆಯನ್ನು ನಿಯತಕಾಲಿಕವಾಗಿ ನಡೆಸಬೇಕಾಗುತ್ತದೆ. ನಿಗದಿಪಡಿಸಿದ 80 ಕಿಲೋವೋಲ್ಟ್ ನಿಜಕ್ಕೂ 80 ಆಗಿದೆಯೇ, ಬೆಳಕು ತೋರಿಸುವ ಜಾಗಕ್ಕೇ ಕಿರಣ ಬೀಳುತ್ತಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ತಂತ್ರಜ್ಞರು ಎಷ್ಟೇ ಎಚ್ಚರ ವಹಿಸಿದರೂ ಯಂತ್ರವೇ ತಪ್ಪು ಪ್ರಮಾಣ ನೀಡುತ್ತಿದ್ದಲ್ಲಿ ಅವರ ಎಚ್ಚರವು ನಿಷ್ಫಲವಾಗುತ್ತದೆ. ಕರ್ನಾಟಕದಲ್ಲಿ ಖಾಸಗಿ ಕೇಂದ್ರಗಳು ಇದರ ಜೊತೆಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿ ಹೊಂದಿರತಕ್ಕದ್ದು.

11. ಸಾರ್ವಜನಿಕರ ಗಮನಕ್ಕೆ

ಕ್ಷ-ಕಿರಣ ಪರೀಕ್ಷೆಗೆ ತೆರಳುವವರು ಈ ಕೆಳಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಳ್ಳುವುದು ಉಪಯುಕ್ತ:

1) ವೈದ್ಯರ ಚೀಟಿಯಿಲ್ಲದೆ, ಸ್ವಇಚ್ಛೆಯಿಂದ ಚಿತ್ರ ತೆಗೆಸಿಕೊಳ್ಳಬಾರದು. ಚೀಟಿಯಲ್ಲಿ ಯಾವ ಭಾಗ, ಎಡವೋ ಬಲವೋ ಎಂಬುದು ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು.

2) ಹಿಂದಿನ ಚಿತ್ರಗಳನ್ನೂ ವರದಿಗಳನ್ನೂ ತಪ್ಪದೆ ಕೊಂಡೊಯ್ಯಬೇಕು. ಇತ್ತೀಚೆಗೆ ತೆಗೆದ ಚಿತ್ರವಿದ್ದಲ್ಲಿ ಹೊಸ ಚಿತ್ರ ಬೇಕಾಗದೆ ಇರಬಹುದು.

3) ಆಭರಣ, ಪಿನ್ನು, ತಾಯಿತ, ಉಡುದಾರ ಮುಂತಾದವುಗಳ ಪೈಕಿ ಚಿತ್ರ ತೆಗೆಯುವ ಭಾಗದಲ್ಲಿರುವುದನ್ನು ತೆಗೆದಿಡಬೇಕು; ಜಡೆಯನ್ನು ಮೇಲಕ್ಕೆತ್ತಿ ಕಟ್ಟಿಕೊಳ್ಳಬೇಕು. ತೆಗೆಯಲಾಗದ ವಸ್ತುವಿದ್ದಲ್ಲಿ ತಂತ್ರಜ್ಞರಿಗೆ ಮೊದಲೇ ತಿಳಿಸಬೇಕು.

4) ಉಸಿರು ಎಳೆದು ಹಿಡಿಯಲು ಹೇಳಿದಾಗ ಹಾಗೆಯೇ ಮಾಡಿ, ಅಲುಗಾಡದೆ ನಿಲ್ಲಬೇಕು. ಸೂಚನೆ ಅರ್ಥವಾಗದಿದ್ದಲ್ಲಿ ಸಂಕೋಚಪಡದೆ ಮತ್ತೊಮ್ಮೆ ಕೇಳಬೇಕು. ಮರುಚಿತ್ರವನ್ನು ತಪ್ಪಿಸಲು ಇದು ಅತ್ಯಂತ ಸುಲಭದ ಉಪಾಯ.

5) ಮರುಚಿತ್ರ ತೆಗೆಯಬೇಕೆಂದು ತಿಳಿಸಿದಲ್ಲಿ ಅದರ ಕಾರಣವನ್ನು ವಿನಯದಿಂದ ವಿಚಾರಿಸಬಹುದು. ಅಗತ್ಯವಾದ ಮರುಚಿತ್ರವನ್ನು ನಿರಾಕರಿಸುವುದು ಸೂಕ್ತವಲ್ಲ.

6) ರೋಗಿಯ ಜೊತೆ ಬಂದವರು, ವಿಶೇಷವಾಗಿ ಮಕ್ಕಳು ಮತ್ತು ಗರ್ಭಿಣಿಯರು, ಚಿತ್ರ ತೆಗೆಯುವ ಕೋಣೆಯ ಹೊರಗೆ ಇರಬೇಕು. ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿರುವಾಗ ಒಳಗೆ ಪ್ರವೇಶಿಸಬಾರದು.

7) ಚಿತ್ರದ ಪ್ರತಿಯನ್ನು ಫಿಲ್ಮ್ ಅಥವಾ ಸಿ.ಡಿ. ರೂಪದಲ್ಲಿ ಪಡೆದು ಜೋಪಾನವಾಗಿರಿಸಿಕೊಳ್ಳಬೇಕು. ಫಿಲ್ಮನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳುಹಿಸಿದಲ್ಲಿ ಸೂಕ್ಷ್ಮ ವಿವರಗಳು ನಷ್ಟವಾಗುತ್ತವೆ. ರೋಗಿಯು ಕೋರಿದಲ್ಲಿ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳೊಳಗೆ ನೀಡತಕ್ಕದ್ದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿ ತಿಳಿಸಲಾಗಿದೆ.

8) ಕೇಂದ್ರವು ಪರವಾನಗಿ ಹೊಂದಿದೆಯೇ, ಯಂತ್ರದ ಗುಣಮಟ್ಟ ಪರೀಕ್ಷೆ ಯಾವಾಗ ನಡೆದಿದೆ ಎಂಬುದನ್ನು ನಾಗರಿಕರು ವಿಚಾರಿಸಬಹುದು.

12. ಉಪಸಂಹಾರ

ಫಿಲ್ಮಿನ ಕಾಲದಲ್ಲಿ ಹೆಚ್ಚಾದ ವಿಕಿರಣವು ಕಪ್ಪಾಗಿ ಕಣ್ಣಿಗೆ ಕಾಣುತ್ತಿತ್ತು. ಡಿಜಿಟಲ್ ಕಾಲದಲ್ಲಿ ಅದು ನಯವಾದ ಚಿತ್ರದ ಹಿಂದೆ ಮರೆಯಾಗಿ ಕುಳಿತಿರುತ್ತದೆ. ಆದ್ದರಿಂದ ಉತ್ತಮ ಚಿತ್ರವೆಂದರೆ ನೋಡಲು ಸುಂದರವಾದ ಚಿತ್ರವಲ್ಲ. ವೈದ್ಯರ ಪ್ರಶ್ನೆಗೆ ಉತ್ತರ ನೀಡಲು ಸಾಕಾಗುವಷ್ಟು ವಿಕಿರಣದಿಂದ, ಮೊದಲ ಬಾರಿಗೇ ಸರಿಯಾಗಿ ಮೂಡಿದ ಚಿತ್ರ. ಅದಕ್ಕೆ ಸುಸ್ಥಿತಿಯಲ್ಲಿರುವ ಯಂತ್ರ, ಸಂಖ್ಯೆಗಳ ಮೇಲೆ ಗಮನವಿಟ್ಟಿರುವ ತಂತ್ರಜ್ಞರು ಮತ್ತು ಸೂಚನೆಗಳನ್ನು ಪಾಲಿಸುವ ರೋಗಿ, ಈ ಮೂವರ ಸಹಕಾರವೂ ಬೇಕು. ಹಳೆಯ ಚಿತ್ರವನ್ನು ಜೊತೆಯಲ್ಲಿ ಕೊಂಡೊಯ್ದು, ಹೇಳಿದಂತೆ ಉಸಿರು ಹಿಡಿದು ನಿಲ್ಲುವ ನಾಗರಿಕರು ತಮ್ಮ ಪಾಲಿನ ಕರ್ತವ್ಯವನ್ನು ಪೂರ್ಣವಾಗಿ ನಿರ್ವಹಿಸಿದಂತಾಗುತ್ತದೆ.